ಕತ್ತಿ ತರ್ತೇನೆ ಅಂದರೆ ಹೆದರಬೇಡಿ

ಬೆಂಗಳೂರಿಗೆ ಬಂದ ಹೊಸತು. ನಾನೂ ಮಂಡ್ಯ ಕಡೆಯ ಒಬ್ಬ ಹುಡುಗನೂ ಒಂದೇ ರೂಮಿನಲ್ಲಿದ್ದೆವು. ಮನೆ ಓನರ್ ಒಂದು ದಿನ ಎರಡು ತೆಂಗಿನಕಾಯಿ ಕೊಟ್ಟರು, ಸಿಪ್ಪೆ ಸಮೇತ. ನಮ್ಮ ಹತ್ತಿರ ಇದ್ದದ್ದು ಈರುಳ್ಳಿ ಹೆಚ್ಚಲಿಕ್ಕೂ ಒದ್ದಾಡುವ ಪ್ಲಾಸ್ಟಿಕ್ ಹಿಡಿಯ ಒಂದು ಚಾಕು. ಮೆಟ್ಟಿಲಿನ ಅಂಚಿಗೆ ಕುಟ್ಟಿ ಕುಟ್ಟಿ ಸಾಕಾಗಿ ನಾನು ಹೇಳಿದೆ, "ಇರಲಿ ಬಿಡು. ದೀಪಾವಳಿಗೆ ಊರಿಗೆ ಹೋಗ್ತೇನಲ್ಲ, ಬರುವಾಗ ಒಂದು ಕತ್ತಿ ತರ್ತೇನೆ."

ಅವನ ಮುಖ ನೋಡಬೇಕಿತ್ತು. "ಕತ್ತಿನಾ? ಯಾಕ್ ಗುರು, ಏನಾಯ್ತು?"

"ಏನಾಗಲಿಕ್ಕೆ? ಕಾಯಿ ಸುಲಿಯಲಿಕ್ಕೆ."

"ಓ, ಮಚ್ಚು ಅನ್ನು ಮತ್ತೆ!" ಅಂತ ಅವನು ಉಸಿರು ಬಿಟ್ಟ.

ಈಗ ಹೆದರುವ ಸರದಿ ನನ್ನದು. ಮಚ್ಚು ಅನ್ನುವ ಪದವನ್ನು ನಾನು ಅಲ್ಲಿಯವರೆಗೆ ಓದಿದ್ದು ಪೇಪರಿನ ಕ್ರೈಮ್ ಪುಟದಲ್ಲಿ, ಕೇಳಿದ್ದು ರೌಡಿಗಳ ಸಿನಿಮಾದಲ್ಲಿ. ಇವನ ಮನೆಯಲ್ಲಿ ಮಚ್ಚು ಇದೆಯಾ? ಇದೆ ಮಾರಾಯ್ರೆ, ಹಿತ್ತಿಲ ಬಾಗಿಲ ಹಿಂದೆ, ಸೌದೆ ಸೀಳಲು, ಎಳನೀರು ಕೆತ್ತಲು. ಮದ್ದೂರಿನಲ್ಲಿ ಹೆದ್ದಾರಿ ಬದಿಗೆ ಬಸ್ಸು ನಿಂತರೆ ಎಳನೀರಿನವರ ಕೈಯಲ್ಲಿ ಕಾಣುವುದು ಅದೇ ಮಚ್ಚು. ಅವನಿಗೆ ಕತ್ತಿ ಅಂದರೆ ರಾಜರು ಸೊಂಟಕ್ಕೆ ಕಟ್ಟಿಕೊಂಡು ಓಡಾಡುತ್ತಿದ್ದ ಖಡ್ಗ. ನನಗೆ ಕತ್ತಿ ಅಂದರೆ ಅಪ್ಪ ತೋಟಕ್ಕೆ ಹೋಗುವಾಗ ಹಿಡಿದುಕೊಂಡು ಹೋಗುವ ಬಾಗಿದ ಮೂತಿಯ ಕಬ್ಬಿಣ. ನಾವಿಬ್ಬರೂ ಹೇಳುತ್ತಿದ್ದದ್ದು ಹೆಚ್ಚು ಕಡಿಮೆ ಒಂದೇ ಸಾಮಾನು.

ಆಮೇಲೆ ಕೆಲಸಕ್ಕೆ ಸೇರಿದಾಗ ಹುಬ್ಬಳ್ಳಿಯ ಗೆಳೆಯನೊಬ್ಬ ಈ ಕತೆಗೆ ಮೂರನೇ ಅಧ್ಯಾಯ ಸೇರಿಸಿದ. ಅವರ ಕಡೆ ಮಾತಿನಲ್ಲಿ ಕತ್ತೆಯೂ ಕತ್ತಿಯೇ. "ನಿಮ್ಮಪ್ಪ ದಿನಾ ಕತ್ತಿ ಹಿಡಕೊಂಡು ತೋಟಕ್ಕ ಹೋಗ್ತಾರ?" ಅಂತ ಅವನು ಕೇಳಿದಾಗ ಅವನ ಕಣ್ಣ ಮುಂದೆ ಯಾವ ಚಿತ್ರ ಇತ್ತೋ!

ಅಲ್ಲಿಂದ ಶುರುವಾದ ಹುಚ್ಚು ಇದು. ಹರಿತವಾದ ಸಾಮಾನುಗಳ ಹೆಸರು ಕಂಡಲ್ಲೆಲ್ಲ ನಿಂತು ನೋಡುತ್ತೇನೆ.

ಚಾಕುವಿನಿಂದಲೇ ಹಿಡಿಯೋಣ, ಯಾಕಂದರೆ ಈಗ ಎಲ್ಲರ ಬಾಯಲ್ಲಿ ಇರುವುದು ಅದೇ. ಚಾಕು ನಮ್ಮ ಮನೆಯ ಪದ ಅಲ್ಲ. ಪಾರಸಿ, ತುರ್ಕಿ ಕಡೆಯಿಂದ ಹಿಂದುಸ್ತಾನಿಯ ಕೈ ಹಿಡಿದು ಬಂದದ್ದು. ತುರ್ಕಿಯಲ್ಲಿ ಮಡಚುವ ಚಾಕುವಿಗೆ ಇವತ್ತಿಗೂ 'ಚಾಕಿ' ಅನ್ನುತ್ತಾರೆ. ಚೂರಿ ಸಂಸ್ಕೃತದ ಛುರಿಕೆಯ ಸಂತಾನ. ಅದೇ ಛುರಿಕೆ ಹಳಗನ್ನಡದಲ್ಲಿ ಸುರಿಗೆ, ಸುರಗಿ ಆಯಿತು. ಸುರಗಿ ಅಂದರೆ ನಮ್ಮ ಕಡೆಯವರಿಗೆ ತಟ್ಟನೆ ನೆನಪಾಗುವುದು ಹೂವು. ಒಣಗಿದ ಮೇಲೂ ಪೆಟ್ಟಿಗೆ ತೆರೆದರೆ ಘಮ್ಮೆನ್ನುವ ಆ ಸುರಗಿ. ಹೂವಿಗೂ ಬಾಕುವಿಗೂ ಒಂದೇ ಹೆಸರು, ಸುಮ್ನೆ ಕಾಕತಾಳೀಯ. ತುಳುನಾಡಿನ ಗರಡಿಗಳಲ್ಲಿ ಕೋಟಿ ಚೆನ್ನಯರೆಂಬ ಅವಳಿ ವೀರರ ಆಯುಧಕ್ಕೆ ಸುರಿಯ ಅನ್ನುತ್ತಾರಲ್ಲ, ಅದೂ ಇದೇ ಬಳಗದ್ದೇ ಇರಬೇಕು ಅನ್ನಿಸುತ್ತದೆ.

ಇಂಗ್ಲಿಷಿನ ನೈಫ್ ಬಗ್ಗೆ ನನಗೊಂದು ಹಳೇ ಸಿಟ್ಟಿದೆ. ಕನ್ನಡ ಮೀಡಿಯಂ, ಐದನೇ ಕ್ಲಾಸು. ಅಕ್ಷರ ನೋಡಿ ಓದುವುದು ನಮಗೆ ಕಲಿಸಿದ ಧರ್ಮ. ನಾನು ಗಟ್ಟಿಯಾಗಿ "ಕ್ನೈಫ್" ಅಂತ ಓದಿದೆ. ಇಡೀ ಕ್ಲಾಸು ನಕ್ಕಿತು, ಬೆತ್ತದ ರುಚಿಯೂ ಸಿಕ್ಕಿತು. ದೊಡ್ಡವನಾದ ಮೇಲೆ ಗೊತ್ತಾಯಿತು, ಆ ಪದ ಸ್ಕ್ಯಾಂಡಿನೇವಿಯಾದ ಹಳೆಯ ನಾರ್ಸ್ ಭಾಷೆಯಿಂದ ಇಂಗ್ಲಿಷಿಗೆ ಬಂದದ್ದು, ಹಿಂದೆಲ್ಲ ಅವರೂ ಆ 'ಕ' ಸೇರಿಸಿಯೇ ಹೇಳುತ್ತಿದ್ದರು ಅಂತ. ನಾನು ಓದಿದ್ದು ಸರಿಯಾಗಿಯೇ ಇತ್ತು, ಕೆಲವು ನೂರು ವರ್ಷ ತಡವಾಗಿತ್ತು ಅಷ್ಟೆ.

ಕತ್ತಿ ಮಾತ್ರ ಅಪ್ಪಟ ನಮ್ಮದು. ತಮಿಳು, ಮಲಯಾಳ, ತೆಲುಗು ಎಲ್ಲದರಲ್ಲೂ ಕತ್ತಿ ಇದೆ. ಅಲ್ಲೂ ಅಷ್ಟೆ, ಒಂದು ಕಡೆ ಅದು ಅಡುಗೆಮನೆಯದು, ಇನ್ನೊಂದು ಕಡೆ ಯುದ್ಧದ್ದು. ಆದರೆ ನನಗೆ ತುಂಬಾ ಇಷ್ಟವಾದ ಪದ ಕತ್ತಿಯೂ ಅಲ್ಲ, ಬಾಳು. ಹಳಗನ್ನಡದಲ್ಲಿ ಬಾಳ್ ಅಂದರೆ ಕತ್ತಿ. ಬದುಕಿಗೂ ಬಾಳು ಅನ್ನುತ್ತೇವೆ. ಇದೇನು, ಬದುಕು ಅಂದರೆ ಕತ್ತಿಯ ಅಲಗಿನ ಮೇಲಿನ ನಡಿಗೆ ಅಂತ ಹಿರಿಯರು ಹೇಳಿಬಿಟ್ಟರಾ? ಇಲ್ಲ. ಹಿಂದೆ ಅವೆರಡೂ ಬೇರೆ ಬೇರೆ ಅಕ್ಷರ. ಕತ್ತಿ ಬಾಳ್, ಬದುಕು ಬಾೞ್. ತಮಿಳಿನಲ್ಲಿ ಆ ವ್ಯತ್ಯಾಸ ಈಗಲೂ ಇದೆ. ನಮ್ಮಲ್ಲಿ ಆ ೞ ಅಕ್ಷರ ನಾಲಿಗೆಯಿಂದ ಜಾರಿ ಹೋಯಿತು. 13ನೇ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಆ ಅಕ್ಷರ ಎಲ್ಲೆಲ್ಲಿ ಬರುತ್ತದೆ ಅಂತ ಪಟ್ಟಿ ಮಾಡಿಯೇ ಕೊಟ್ಟಿದ್ದಾನೆ. ಜನರಿಗೆ ನೆನಪಿದ್ದರೆ ಪಟ್ಟಿ ಯಾಕೆ ಬೇಕು, ಅಲ್ವಾ? ಅಕ್ಷರ ಹೋದ ಮೇಲೆ ಕತ್ತಿಯೂ ಬದುಕೂ ಒಂದೇ ಒರೆಯೊಳಗೆ ಬಿದ್ದವು. ಬಾಳೆಗಿಡದ ಬಾಳೆಯೂ ಹಿಂದೆ ಬಾೞೆಯೇ. ಕೊನೆಗೆ ಬದುಕು ಗೆದ್ದಿತು, ಕತ್ತಿಯ ಅರ್ಥ ನಿಘಂಟು ಸೇರಿತು.

ಪೂರ್ತಿ ಸೇರಲಿಲ್ಲ. ತಮಿಳರ ಅಡುಗೆಮನೆಗೆ ಹೋಗಿ ನೋಡಿ. ತರಕಾರಿ ಹೆಚ್ಚುವ ಮಣೆಗೆ ಅವರು ಅರಿವಾಳ್ಮಣೆ ಅನ್ನುತ್ತಾರೆ. ಆ 'ವಾಳ್' ಅನ್ನುವುದು ನಮ್ಮ ಬಾಳ್. ಯುದ್ಧ ಮುಗಿಸಿದ ಖಡ್ಗ ಅಲ್ಲಿ ಬದನೆಕಾಯಿ ಹೆಚ್ಚುತ್ತಾ ಕೂತಿದೆ.

ಆ ಮಣೆಯ ಬಗ್ಗೆ ಬರೆಯಲಿಕ್ಕೆಂದೇ ನಾನು ಇಷ್ಟು ಸುತ್ತು ಬಳಸಿದ್ದು. ಮೈಸೂರು ಕಡೆಯವರು ಈಳಿಗೆಮಣೆ ಅನ್ನುತ್ತಾರೆ. ಕೊಂಕಣಿಯವರಿಗೆ ಆದೋಳಿ, ಮರಾಠಿಗರಿಗೆ ವಿಳಿ, ತೆಲುಗರಿಗೆ ಕತ್ತಿಪೀಟ, ಬಂಗಾಳಿಗಳಿಗೆ ಬೊಟಿ, ಒಡಿಶಾದವರಿಗೆ ಪನಿಕಿ. ಪುತ್ತೂರು ಕಡೆಯ ನಮಗೆ ಅದು ಮೆಟ್ಟುಕತ್ತಿ. ಕಾಲಲ್ಲಿ ಮೆಟ್ಟಿ ಕೂರುವ ಕತ್ತಿ, ಮೆಟ್ಟುಕತ್ತಿ. ಒಂದು ಮರದ ಮಣೆ, ಅದರ ಒಂದು ತುದಿಯಿಂದ ಕೊಕ್ಕರೆಯ ಕುತ್ತಿಗೆ ಹಾಗೆ ಎದ್ದು ಬಾಗಿದ ಅಲಗು. ಹರಿತ ಇರುವುದು ನಮ್ಮ ಎದೆಯ ಕಡೆಗೆ. ನೋಡಿದವರಿಗೆ ಭಯ ಆಗುತ್ತದೆ. ಆದರೆ ಅದರ ಲೆಕ್ಕಾಚಾರವೇ ಬೇರೆ. ಚಾಕುವಿನಲ್ಲಿ ತರಕಾರಿ ಸುಮ್ಮನೆ ಬಿದ್ದಿರುತ್ತದೆ, ಕಬ್ಬಿಣ ಓಡಾಡುತ್ತದೆ. ಇಲ್ಲಿ ಕಬ್ಬಿಣ ಸುಮ್ಮನೆ ನಿಂತಿರುತ್ತದೆ, ತರಕಾರಿ ತಾನಾಗಿ ಹೋಗಿ ತಾಗುತ್ತದೆ. ಎರಡು ಕೈಯೂ ಖಾಲಿ. ತಳ್ಳುವುದು ಮೈಯಿಂದ ಆಚೆಗೆ. ಹೋಳು ನೇರ ಕೆಳಗಿನ ಪಾತ್ರೆಗೆ ಬೀಳುತ್ತದೆ, ಹಲಗೆ ಬೇಡ, ಆಮೇಲೆ ಬಾಚಿ ಹಾಕುವ ಕೆಲಸ ಇಲ್ಲ. ಅಮ್ಮ ಅಲಸಂಡೆ ಕೊರೆಯುವಾಗ ಅಲಗಿನ ಕಡೆ ನೋಡುತ್ತಲೇ ಇರಲಿಲ್ಲ. ಅಂಗಳದಲ್ಲಿ ದನ ಬಂತಾ, ಒಲೆ ಮೇಲೆ ಹಾಲು ಉಕ್ಕಿತಾ, ನಾನು ಮಗ್ಗಿ ಹೇಳುತ್ತಿದ್ದೇನಾ ಇಲ್ವಾ, ಎಲ್ಲದರ ಕಡೆ ಕಣ್ಣು. ಬೆರಳು ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು.

ಅಡಿಕೆ ಸುಲಿಯುವುದಕ್ಕೂ ಹೀಗೇ ನಿಲ್ಲಿಸಿದ ಕತ್ತಿಯೇ. ನಮ್ಮಲ್ಲಿ ಚಾಲಿ ಅಡಿಕೆ. ಹಣ್ಣಡಿಕೆಯನ್ನು ಅಂಗಳದಲ್ಲಿ 40 ದಿನದ ಹತ್ತಿರ ಒಣಗಿಸಿ ಆಮೇಲೆ ಸುಲಿಯುವುದು. ಮಳೆಗಾಲದ ರಾತ್ರಿ ಹೊರಗೆ ಧೋ ಮಳೆ, ಒಳಗೆ ಚರ್ ಚರ್ ಸಿಪ್ಪೆ ಬಿಡುವ ಸದ್ದು. ಈಗ ಸುಲಿಯುವ ಯಂತ್ರ ಬಂದಿದೆ. ಬಂದದ್ದು ಒಳ್ಳೆಯದೇ. ಆ ಸದ್ದನ್ನು ಚಂದ ಮಾಡಿ ಬರೆಯುವ ನಾನು ಒಂದು ಗಂಟೆಗಿಂತ ಜಾಸ್ತಿ ಕೂತು ಸುಲಿದವನಲ್ಲ.

ನಮ್ಮ ಹವ್ಯಕ ಮನೆಗಳಲ್ಲಿ ಜೆಂಬರದ, ಅಂದರೆ ಸಮಾರಂಭದ, ಹಿಂದಿನ ದಿನ 'ಬೆಂದಿಗೆ ಕೊರೆಯುವುದು' ಅಂತ ಒಂದು ಕೆಲಸ ಇರುತ್ತಿತ್ತು. ಬೆಂದಿ ಅಂದರೆ ಸಾಂಬಾರು, ಪದಾರ್ಥ. ಮಾರನೇ ದಿನದ ಊಟಕ್ಕೆ ತರಕಾರಿ ಹೆಚ್ಚಲು ನೆರೆಕರೆಯವರೆಲ್ಲ ಸಂಜೆ ಸೇರುತ್ತಿದ್ದರು. ಕೆಲವರು ಮೆಟ್ಟುಕತ್ತಿ ಹೊತ್ತುಕೊಂಡೇ ಬರುತ್ತಿದ್ದರು. ಅದಲುಬದಲಾಗದಿರಲಿ ಅಂತ ಮಣೆಯ ಅಡಿಯಲ್ಲಿ ಬಣ್ಣದಲ್ಲಿ ಮನೆಯ ಮೊದಲ ಅಕ್ಷರ. ಚಪ್ಪರದಡಿ ಬಾಳೆಲೆ ಹಾಸಿ, ನಡುವೆ ಸೌತೆ, ಕುಂಬಳ, ಬದನೆಯ ಗುಡ್ಡೆ. ಗಂಡಸರೇ ಜಾಸ್ತಿ. ಮನೆಯಲ್ಲಿ ಒಂದು ಈರುಳ್ಳಿ ಮುಟ್ಟದವರು ಇಲ್ಲಿ ಪಂಥ ಕಟ್ಟಿ ಕೊರೆಯುತ್ತಿದ್ದರು. ಅಡಿಗೆ ಭಟ್ಟರು ಒಂದು ಹೋಳು ಎತ್ತಿ ತೋರಿಸಿ ಹೋಗುವುದು, "ಮೇಲಾರಕ್ಕೆ ಇಷ್ಟು ದೊಡ್ಡ, ಪಲ್ಯಕ್ಕೆ ಇದರ ಅರ್ಧ." ಹತ್ತು ನಿಮಿಷದಲ್ಲಿ ಗಾತ್ರ ಕೈತಪ್ಪಿರುತ್ತಿತ್ತು, ಯಾಕಂದರೆ ಬಾಯಿ ಕೈಗಿಂತ ಜೋರಾಗಿ ಓಡುತ್ತಿತ್ತು. ಯಾರ ಮಗನಿಗೆ ಹೆಣ್ಣು ಸಿಕ್ಕಿಲ್ಲ, ಯಾರ ತೋಟಕ್ಕೆ ಕೊಳೆರೋಗ ಬಂತು, ಎಲ್ಲ ಅಲ್ಲೇ. ತಲೆ ತಿನ್ನುವಂಥ ಮಾತಿಗೆ ಕನ್ನಡದಲ್ಲಿ 'ಕೊರೆಯುವುದು' ಅನ್ನುತ್ತಾರಲ್ಲ, ಅದು ಇಂಥ ಚಪ್ಪರದಲ್ಲೇ ಹುಟ್ಟಿದ್ದು ಅಂತ ನನ್ನದೊಂದು ತಮಾಷೆಯ ಸಿದ್ಧಾಂತ. ನಾನೂ ಈಗ ಅದನ್ನೇ ಮಾಡುತ್ತಿದ್ದೇನೆ, ಗೊತ್ತು.

ಕತ್ತರಿಸುವುದಕ್ಕೆ ನಮ್ಮಲ್ಲಿ ಎಷ್ಟು ಕ್ರಿಯಾಪದ ಇದೆ ನೋಡಿ. ಸೊಪ್ಪು ಹೆಚ್ಚುತ್ತೇವೆ. ಹಸಿಮೆಣಸು ಸೀಳುತ್ತೇವೆ. ಕೊತ್ತಂಬರಿ ಕೊಚ್ಚುತ್ತೇವೆ. ಎಳನೀರು ಕೆತ್ತುತ್ತೇವೆ. ಸೌದೆ ಸಿಗಿಯುತ್ತೇವೆ. ಮರ ಕಡಿಯುತ್ತೇವೆ. ಬೇಲಿ ಸವರುತ್ತೇವೆ. ತೆನೆ ಕೊಯ್ಯುತ್ತೇವೆ, ಅದಕ್ಕೆ ಬೇಕಾದದ್ದು ಕುಡುಗೋಲು. ಕುಡು ಅಂದರೆ ಬಾಗಿದ್ದು ಅಂತ ಹಳಗನ್ನಡದ ಅರ್ಥ. ಕರಾವಳಿಯಲ್ಲಿ ಹೂವನ್ನೂ ಕೊಯ್ಯುತ್ತೇವೆ, ಬರಿ ಬೆರಳಲ್ಲಿ. ಕುತ್ತಿಗೆಯನ್ನೂ ಅದೇ ಪದದಲ್ಲಿ ಕೊಯ್ಯುತ್ತಾರೆ. ಆಪರೇಷನ್ ಅನ್ನುವ ಪದ ಹಳ್ಳಿಗೆ ಬರುವ ಮೊದಲು ನಮ್ಮಜ್ಜಿ "ಹೊಟ್ಟೆ ಕೊಯ್ದು ತೆಗೆದರು" ಅನ್ನುತ್ತಿದ್ದರು, ಬಾಳೆಗೊನೆ ಬಗ್ಗೆ ಹೇಳಿದಷ್ಟೇ ಸಲೀಸಾಗಿ. ಈಗ ನನ್ನ ಮಗಳು ಎಲ್ಲದಕ್ಕೂ "ಕಟ್ ಮಾಡು" ಅನ್ನುತ್ತಾಳೆ. ಫೋನೂ ಕಟ್, ಕೇಕೂ ಕಟ್, ಕುಂಬಳಕಾಯೂ ಕಟ್. ಅವಳನ್ನು ಬೈಯುವ ಹಾಗಿಲ್ಲ. ಇರುವುದು ಒಂದೇ ಚಾಕು, ಅದಕ್ಕೆ ಹತ್ತು ಕ್ರಿಯಾಪದ ಎಲ್ಲಿಂದ ತರಬೇಕು ಪಾಪ.

ಪೇಪರಿನವರಿಗೆ ಈ ಗೊಂದಲ ಇಲ್ಲ. ಅವರಲ್ಲಿ ಪ್ರತಿ ಆಯುಧಕ್ಕೂ ಜೋಡಿ ಕ್ರಿಯಾಪದ ಸಿದ್ಧ ಇದೆ. ಚಾಕುವಿನಿಂದ ಇರಿದು, ಮಚ್ಚಿನಿಂದ ಕೊಚ್ಚಿ, ಲಾಂಗ್ ಬೀಸಿ. ನಮ್ಮ ಮಂಗಳೂರು ಕಡೆಯ ಸುದ್ದಿಗಳಲ್ಲಿ ಇನ್ನೊಂದು ಪದ ಜಾಸ್ತಿ ಓಡಾಡುತ್ತದೆ, ತಲವಾರು. ಹೊರಗಿನವರಿಗೆ ವಿಚಿತ್ರ ಅನ್ನಿಸಬಹುದು, ಕತ್ತಿ ಅನ್ನುವ ಕನ್ನಡ ಪದ ಇರುವಾಗ ತಲವಾರು ಯಾಕೆ? ಯಾಕಂದರೆ ಅಲ್ಲಿ ಕತ್ತಿ ತೋಟದ ಸಾಮಾನು. ಕೊಲ್ಲಲೆಂದೇ ಮಾಡಿಸಿದ ಸಾಮಾನಿಗೆ ಬೇರೆ ಹೆಸರು ಬೇಕಾಯಿತು, ಹೊರಗಿನಿಂದ ತಂದುಕೊಂಡರು. ಬೆಂಗಳೂರಿನವರು ಲಾಂಗು ಅಂತ ಇಂಗ್ಲಿಷಿನಿಂದ ತಂದುಕೊಂಡ ಹಾಗೆ. ನಮ್ಮ ಕಡೆ ಸುದ್ದಿಯಲ್ಲಿ ಕತ್ತಿ ಬರುವುದೇ ಇಲ್ಲ ಅಂತಲ್ಲ. ಬರುತ್ತದೆ. ಆದರೆ ಸ್ವಲ್ಪ ಗಮನಿಸಿ ಓದಿದರೆ, ತಲವಾರು ಅಂದಲ್ಲಿ ಮೊದಲೇ ಹಗೆ ಇಟ್ಟುಕೊಂಡು ಬಂದವರಿರುತ್ತಾರೆ. ಕತ್ತಿ ಅಂದಲ್ಲಿ ಜಾಗದ ತಕರಾರು, ಕುಡಿತ, ಅಣ್ಣತಮ್ಮಂದಿರು. ಆ ಗಳಿಗೆಯಲ್ಲಿ ಕೈಗೆ ಸಿಕ್ಕಿದ್ದು ಅದು.

ಕಾನೂನಿಗೂ ಈ ಭೇದ ಗೊತ್ತು ಅನ್ನುವುದು ನನಗೆ ಆಶ್ಚರ್ಯ ತಂದ ವಿಷಯ. 1959ರ ಆಯುಧ ಕಾಯ್ದೆಯ ನಿಯಮಗಳಲ್ಲಿ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಅದು ಆಯುಧದ ಲೆಕ್ಕಕ್ಕೆ ಬರುತ್ತದೆ. ಆದರೆ ಮನೆಕೆಲಸಕ್ಕೆ, ಬೇಸಾಯಕ್ಕೆ, ಕಾರ್ಖಾನೆಗೆ ಅಂತ ಮಾಡಿದ್ದನ್ನು ಹೊರಗಿಟ್ಟಿದ್ದಾರೆ. ಅಂದರೆ ಅಳತೆಪಟ್ಟಿ ಸಾಲದು, ಇದು ಯಾವ ಕೆಲಸಕ್ಕೆ ಅಂತ ಕೇಳಬೇಕು. ಚುನಾವಣೆ ಬಂದಾಗ ನಮ್ಮೂರಲ್ಲಿ ಕೋವಿ ಇದ್ದವರು ಅದನ್ನು ಠಾಣೆಗೆ ಕೊಟ್ಟು ಬರಬೇಕು. ಅಪ್ಪನೂ ಕೊಟ್ಟು ಬರುತ್ತಿದ್ದರು, ಸೊಂಟದಲ್ಲಿ ಕತ್ತಿ ಸಿಕ್ಕಿಸಿಕೊಂಡೇ. ಅದನ್ನು ಯಾರೂ ಕೇಳಿದ್ದಿಲ್ಲ.

ನುಡಿಗಟ್ಟುಗಳು ಮಾತ್ರ ಇಷ್ಟು ನ್ಯಾಯವಾಗಿಲ್ಲ. ಹಗೆ ಸಾಧಿಸುವುದಕ್ಕೆ ಕತ್ತಿ ಮಸೆಯುವುದು ಅನ್ನುತ್ತೇವೆ. ಪಾಪ, ದಿನಾ ಬೆಳಿಗ್ಗೆ ಕತ್ತಿ ಮಸೆಯುವ ನಮ್ಮಪ್ಪನಿಗೆ ಯಾರ ಮೇಲೂ ಹಗೆ ಇಲ್ಲ. ಎಷ್ಟೇ ಮಸೆದರೂ ಹುಲ್ಲಿಗೆ ಮಾತ್ರ ಭಯ. ನಂಬಿದವರು ಮೋಸ ಮಾಡಿದರೆ ಬೆನ್ನಿಗೆ ಚೂರಿ. ಅಮ್ಮನ ಬಾಯಲ್ಲಿ ಮೇಲಿಂದ ಮೇಲೆ ಬರುವ ಗಾದೆ, "ಚಿನ್ನದ ಚೂರಿ ಅಂತ ಕುತ್ತಿಗೆ ಕೊಯ್ದುಕೊಳ್ಳಲಿಕ್ಕೆ ಆಗ್ತದಾ?" ಶ್ರೀಮಂತರ ಮನೆಯ ಸಂಬಂಧ ಬಂದಾಗಲೆಲ್ಲ ಇದು ಹೊರಗೆ ಬರುತ್ತಿತ್ತು. ಎತ್ತ ಹೋದರೂ ಕಷ್ಟ ಅನ್ನುವಾಗ ಅಡಕತ್ತರಿಯಲ್ಲಿ ಸಿಕ್ಕಿದ ಹಾಗಾಯಿತು ಅನ್ನುತ್ತೇವೆ. ಅಡಿಕೆಯ ಕಷ್ಟ ಅಡಿಕೆ ಬೆಳೆಯುವವರಿಗೇ ಗೊತ್ತು! ಬಜೆಟ್ಟಿಗೆ ಕತ್ತರಿ, ಸಿನಿಮಾಕ್ಕೆ ಕತ್ತರಿ, ಜೇಬಿಗೆ ಕತ್ತರಿ. ಇಷ್ಟು ಹುಡುಕಿದ ಮೇಲೂ ಒಂದೇ ಒಂದು ಕೆಟ್ಟ ನುಡಿಗಟ್ಟಿನಲ್ಲಿ ನನಗೆ ಮೆಟ್ಟುಕತ್ತಿ ಸಿಕ್ಕಿಲ್ಲ. ಸಿಗುವುದಾದರೂ ಹೇಗೆ? ಅದನ್ನು ಎತ್ತಿಕೊಂಡು ಯಾರ ಹಿಂದೆಯೂ ಓಡಲಿಕ್ಕೆ ಆಗುವುದಿಲ್ಲ. ಬಳಸಬೇಕಾದರೆ ಮೊದಲು ಕೂರಬೇಕು. ಕೂತವನ ಸಿಟ್ಟು ಅರ್ಧ ಇಳಿದಿರುತ್ತದೆ.

ಇದರ ಪಕ್ಕಾ ವಿರುದ್ಧ ಅಂದರೆ ಕೊಡಗಿನ ಪೀಚೆಕತ್ತಿ. ಕೊಡವ ಗಂಡಸರು ಕುಪ್ಯ ತೊಟ್ಟು, ಸೊಂಟಕ್ಕೆ ಕೆಂಪು ರೇಷ್ಮೆಯ ಚೇಲೆ ಸುತ್ತಿ, ಮುಂದೆ ಸಿಕ್ಕಿಸಿಕೊಳ್ಳುವ ಬೆಳ್ಳಿ ಕೆತ್ತನೆಯ ಪುಟ್ಟ ಕತ್ತಿ. ಬೆನ್ನ ಹಿಂದೆ ಸಿಕ್ಕಿಸುವ ಅಗಲದ್ದು ಒಡಿಕತ್ತಿ. ಮದುವೆಯಲ್ಲಿ ಬಾಳೆದಿಂಡು ಕಡಿಯುವ ಶಾಸ್ತ್ರಕ್ಕೆ ಒಡಿಕತ್ತಿ ಬೇಕು. ನಾಟಿ ಮುಗಿದು ಕೈಲ್ ಪೊಳ್ದ್ ಹಬ್ಬ ಬಂದರೆ ಕೋವಿಯ ಜೊತೆ ಇವಕ್ಕೂ ಪೂಜೆ. ನಾನು ಮೊದಲ ಸಲ ಮಡಿಕೇರಿಯ ಮದುವೆಯೊಂದರಲ್ಲಿ ಪೀಚೆಕತ್ತಿ ಅನ್ನುವ ಹೆಸರು ಕೇಳಿ ನಕ್ಕುಬಿಟ್ಟೆ. ನಮ್ಮ ಮನೆಯಲ್ಲಿ ಸೌತೆಕಾಯಿ ಸಿಪ್ಪೆ ಹೆರೆಯುವ ಸಣ್ಣ ಚಾಕುವಿಗೆ ಪೀಶಕತ್ತಿ ಅನ್ನುತ್ತೇವೆ. ಮಲಯಾಳಿಗಳು ಪಿಚ್ಚಾತ್ತಿ ಅನ್ನುತ್ತಾರೆ. ಸಂಪಾಜೆ ಘಾಟಿ ಹತ್ತುವಷ್ಟರಲ್ಲಿ ನಮ್ಮ ಸಿಪ್ಪೆ ಹೆರೆಯುವ ಕತ್ತಿ ಬೆಳ್ಳಿ ತೊಟ್ಟು ಮದುಮಗನಾಗಿತ್ತು. ಪಕ್ಕದಲ್ಲಿ ಕೂತಿದ್ದ ಹಿರಿಯರಿಗೆ ಹೇಳಿದೆ. ಅವರು ನಗಲಿಲ್ಲ. ನಾನು ಪಾಯಸದ ಕಡೆ ಗಮನ ಕೊಟ್ಟೆ.

ಕತ್ತಿಯ ಹೆಸರು ಏನೇ ಇರಲಿ, ಒಳಗಿರುವುದು ಉಕ್ಕು. ನಮ್ಮೂರಲ್ಲಿ ಒಳ್ಳೆಯ ಕತ್ತಿ ಅಂದರೆ ಪ್ಲೇಟಿನ ಕತ್ತಿ, ಅಂದರೆ ಹಳೇ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಬಡಿದದ್ದು. ಅಪ್ಪ ಕುಲುಮೆಗೆ ಹೋದರೆ ಅರ್ಧ ದಿನ. ತಿದಿಯ ಉಸಿರು, ಕೆಂಪಗೆ ಕಾದ ಪಟ್ಟಿ, ಅಡಿಗಲ್ಲಿನ ಮೇಲೆ ಸುತ್ತಿಗೆ. ಕಡೆಗೆ ಅಲಗನ್ನು ನೀರಿಗೆ ಇಳಿಸುವ ಗಳಿಗೆ ಬಂದಾಗ ಮಾತ್ರ ಆಚಾರಿ ಮಾತು ನಿಲ್ಲಿಸುತ್ತಿದ್ದರು. ಬೇಗ ಇಳಿಸಿದರೆ ಬಾಯಿ ಮುಕ್ಕಾಗುತ್ತದೆ, ತಡವಾದರೆ ಮಡಚುತ್ತದೆ. ಕಣ್ಣಿಗೆ ಕಾಣುವ ಬಣ್ಣವೇ ಅವರ ಥರ್ಮಾಮೀಟರು. ಮನೆಗೆ ತಂದ ಮೇಲೆ ಅಪ್ಪ ಉಗುರಲ್ಲಿ ಅಲಗನ್ನು ಮೀಟಿ ಕಿವಿಯ ಹತ್ತಿರ ಹಿಡಿಯುವುದು. ಠಿಣ್ ಅಂದರೆ ಸರಿ. ಮರದ ತುಂಡಿನ ಮೇಲೆ ಬೆಣಚುಕಲ್ಲಿನ ಪುಡಿ ಉದುರಿಸಿ ಮಸೆದು, ಮುಂಗೈಯ ರೋಮ ಬೋಳಿಸಿ ನೋಡುವುದು. ಮಳೆಗಾಲ ಮುಗಿಯುವಷ್ಟರಲ್ಲಿ ಅಪ್ಪನ ಎಡಗೈಯಲ್ಲಿ ರೋಮ ಇರುತ್ತಿರಲಿಲ್ಲ.

ಈ ಉಕ್ಕು ಅನ್ನುವ ಪದ ಎಲ್ಲಿಗೆಲ್ಲ ಹೋಗಿ ಬಂತು ಗೊತ್ತಾ? 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬಾತ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಭಾರತದ ಒಂದು ಉಕ್ಕಿನ ಬಗ್ಗೆ ಪ್ರಬಂಧ ಮಂಡಿಸಿದ. ಅದನ್ನು ಕರೆದದ್ದು 'ವೂಟ್ಸ್' ಅಂತ. ನಮ್ಮ ಉಕ್ಕೇ ಅವರ ಕಿವಿಯಲ್ಲಿ ಹಾಗಾಯಿತು ಅನ್ನುವುದು ಹೆಚ್ಚಿನವರ ಅಭಿಪ್ರಾಯ. ಮೈಸೂರು ಸೀಮೆಯ ಹಳ್ಳಿಗಳಲ್ಲಿ ಮಣ್ಣಿನ ಮೂಸೆಯಲ್ಲಿ ಕಬ್ಬಿಣ ಕರಗಿಸಿ ಇಂಥ ಉಕ್ಕು ಮಾಡುತ್ತಿದ್ದರು. ಲಂಡನ್ನಿನಲ್ಲಿ ಜೇಮ್ಸ್ ಸ್ಟೊಡಾರ್ಟ್ ಅಂತ ಒಬ್ಬ ಇದ್ದ, ಚಾಕು, ಕ್ಷೌರದ ಕತ್ತಿ, ವೈದ್ಯರ ಉಪಕರಣ ಮಾಡುವವನು. ಅವನಿಗೆ ಈ ಉಕ್ಕು ಎಷ್ಟು ಹಿಡಿಸಿತೆಂದರೆ ಅಂಗಡಿಯ ಜಾಹೀರಾತಿನಲ್ಲೇ ಅದರ ಹೆಸರು ಹಾಕಿಕೊಂಡ. 1820ರ ಸುಮಾರಿಗೆ ಇದರ ಗುಟ್ಟು ಹಿಡಿಯಲು ಅವನ ಜೊತೆ ಕೂತು ಪ್ರಯೋಗ ಮಾಡಿದವನು ಯಾರು ಅಂದುಕೊಂಡಿರಿ? ಮೈಕೇಲ್ ಫ್ಯಾರಡೆ. ವಿದ್ಯುತ್ತಿನ ಫ್ಯಾರಡೆ ಅದಕ್ಕೂ ಮೊದಲು ನಮ್ಮ ಉಕ್ಕಿನ ಹಿಂದೆ ಬಿದ್ದಿದ್ದ. ಇದನ್ನು ಅಪ್ಪನಿಗೆ ಹೇಳಿದೆ. "ಅವನಿಗೆ ಹದ ಸಿಕ್ಕಿತಾ?" ಅಂತ ಅಷ್ಟೇ ಕೇಳಿದರು.

ಕತ್ತಿಯ ಸುತ್ತ ನಮ್ಮ ಮನೆಯಲ್ಲಿ ಕಟ್ಟಲೆಗಳಿದ್ದವು. ಕೈಯಿಂದ ಕೈಗೆ ಕೊಡಬಾರದು, ಜಗಳ ಆಗುತ್ತದೆ. ಕೆಳಗಿಡು, ಅವರು ಎತ್ತಿಕೊಳ್ಳಲಿ. ಇದಂತೂ ಬುದ್ಧಿವಂತಿಕೆಯದ್ದೇ, ಬೆರಳು ಉಳಿಸಲು ಹಿರಿಯರು ಮಾಡಿದ ಉಪಾಯ ಇರಬೇಕು. ಆಯುಧಪೂಜೆಯ ದಿನ ಎಲ್ಲವನ್ನೂ ತೊಳೆದು ಕುಂಕುಮ ಇಟ್ಟು ಸಾಲಾಗಿ ಇಡುವುದು, ಮತ್ತೆ ಮುಟ್ಟುವ ಹಾಗಿಲ್ಲ. ಇಡೀ ಬೂದುಗುಂಬಳವನ್ನು ಹೆಂಗಸರು ಒಡೆಯಬಾರದು ಅನ್ನುವುದು ಇನ್ನೊಂದು. ಇದು ನನಗೆ ಒಪ್ಪಿಗೆಯಾಗಲೇ ಇಲ್ಲ. ಜೀವಮಾನವಿಡೀ ಎಲ್ಲವನ್ನೂ ಕೊರೆದ ಅಮ್ಮ, ಒಂದು ಕುಂಬಳಕಾಯಿ ಮುಂದಿಟ್ಟುಕೊಂಡು ಗಂಡಸರು ಯಾರಾದರೂ ಬರಲಿ ಅಂತ ಕಾಯುವುದು. ಎಂಟು ವರ್ಷದ ನಾನು 'ಗಂಡಸು' ಅನ್ನುವ ಲೆಕ್ಕದಲ್ಲಿ ಹೋಗಿ ನಡುಗುವ ಕೈಯಲ್ಲಿ ಒಂದು ಗೀರು ಹಾಕುತ್ತಿದ್ದೆ. ಆಮೇಲೆ ಅಮ್ಮ ಎರಡೇ ಏಟಿಗೆ ಅದನ್ನು ಹೋಳು ಮಾಡುತ್ತಿದ್ದರು.

ಅಮ್ಮನ ಮೊಣಗಂಟು ಈಗ ಮಡಚುವುದಿಲ್ಲ. ನೆಲದಲ್ಲಿ ಕೂರಬೇಡಿ ಅಂತ ಡಾಕ್ಟರು ಹೇಳಿ ನಾಲ್ಕು ವರ್ಷವಾಯಿತು. ಮೆಟ್ಟುಕತ್ತಿಯ ಗುಣಗಾನ ಮಾಡುವಾಗ ಈ ಮಾತು ಮರೆಯಬಾರದು, ಅದು ಗಟ್ಟಿ ಕಾಲಿನವರ ಸಾಮಾನು. ನಮ್ಮ ಬೆಂಗಳೂರಿನ ಮನೆಗೆ ಬಂದಾಗ ಅಮ್ಮನಿಗೆ ಅಂತಲೇ ನಾನು ಹೊಸ ಮಾದರಿಯದ್ದೊಂದು ತಂದಿದ್ದೆ. ಮೇಜಿನ ಅಂಚಿಗೆ ಸ್ಕ್ರೂ ತಿರುಗಿಸಿ ಕೂರಿಸುವುದು, ನಿಂತೇ ಹೆಚ್ಚಬಹುದು. ಅಮ್ಮ ಒಂದು ಬೆಂಡೆಕಾಯಿ ಕೊರೆದು ನೋಡಿದರು. ಕಾಲು ಸುಮ್ಮನೆ ಮಣೆ ಹುಡುಕುತ್ತಿತ್ತು. "ಇದು ಎಂತಕ್ಕೂ ಆಗ," ಅಂದರು ನಮ್ಮ ಭಾಷೆಯಲ್ಲಿ, ಯಾವುದಕ್ಕೂ ಆಗುವುದಿಲ್ಲ ಅಂತ. ಮೆಟ್ಟಲಿಕ್ಕೆ ಜಾಗ ಇಲ್ಲದ ಮೆಟ್ಟುಕತ್ತಿ. ಹೆಂಡತಿಯ ಚಾಕು, ಹಲಗೆ ತೆಗೆದುಕೊಂಡು ಕುರ್ಚಿಯಲ್ಲಿ ಕೂತರು. ಹೋಳು ಚಂದವೇ ಬಂತು. ಆದರೆ ಈಗ ಕಣ್ಣು ಬೆರಳ ಮೇಲೆಯೇ ಇತ್ತು.

ಊರಿಗೆ ಹೋದ ಮೇಲೆ ಅಮ್ಮ ತನ್ನ ಹಳೇ ಮೆಟ್ಟುಕತ್ತಿಯನ್ನು ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ಕಳಿಸಿಕೊಟ್ಟರು. ಅಲ್ಲಿ ಇನ್ನು ಯಾರು ಕೂರುತ್ತಾರೆ, ನಿನಗೆ ಅಷ್ಟು ಪ್ರೀತಿ ಇದ್ದರೆ ನೀನೇ ಇಟ್ಟುಕೋ ಅಂತ. ಮಣೆಯ ಅಡಿಯಲ್ಲಿ ನಮ್ಮ ಮನೆಯ ಅಕ್ಷರ ಅರ್ಧ ಅಳಿಸಿದೆ. ಅಲಗು ತುಕ್ಕು ಹಿಡಿದು, ನಡುವೆ ಸವೆದು ತೆಳ್ಳಗಾಗಿದೆ. ಪ್ರತಿ ಭಾನುವಾರ ನಾನು ಬಾಲ್ಕನಿಯಲ್ಲಿ ಕೂತು ಒಂದು ಹೊತ್ತಿನ ತರಕಾರಿ ಅದರಲ್ಲಿ ಕೊರೆಯುತ್ತೇನೆ. ಇಲ್ಲಿಯವರೆಗೆ ಎರಡು ಬೆರಳಿಗೆ ಬ್ಯಾಂಡೇಜ್ ಆಗಿದೆ.

ಹೋದ ತಿಂಗಳು ಕೆಳಗೆ ರಸ್ತೆಯಲ್ಲಿ ಸಾಣೆ ಹಿಡಿಯುವವರು ಬಂದಿದ್ದರು. ಸೈಕಲ್ಲಿನ ಹಿಂದೆ ಚಕ್ರ, ಅದೇ ಪೆಡಲು. ಮನೆಯ ಎರಡು ಚಾಕು, ಒಂದು ಕತ್ತರಿ, ಜೊತೆಗೆ ಮೆಟ್ಟುಕತ್ತಿ ಎತ್ತಿಕೊಂಡು ಲಿಫ್ಟಿನಲ್ಲಿ ಇಳಿದೆ. ಲಿಫ್ಟಿನಲ್ಲಿದ್ದ ಪಕ್ಕದ ಮನೆಯವರು ಮೂಲೆಗೆ ಸರಿದು ನಿಂತರು.

"ಎಷ್ಟಾಗುತ್ತೆ?"

"ಚಾಕಿಗೆ 30, ಕತ್ತರಿಗೆ 40 ಸಾರ್."

ಮೆಟ್ಟುಕತ್ತಿ ಮುಂದಿಟ್ಟೆ. ಅವರು ಸೈಕಲ್ಲಿನಿಂದ ಇಳಿದರು. ಮಣೆಯನ್ನು ಮಗುಚಿ ಅಕ್ಷರ ನೋಡಿದರು. ಹೆಬ್ಬೆರಳನ್ನು ಅಲಗಿಗೆ ಅಡ್ಡಲಾಗಿ ಸವರಿದರು, ಒಳಬಾಗಿದ ಬಾಯಿಯ ಉದ್ದಕ್ಕೂ ಒಂದು ಸಲ ಕಣ್ಣು ಹಾಯಿಸಿದರು. ಚಕ್ರಕ್ಕೆ ಇದು ನೇರ ಕೂರುವುದಿಲ್ಲ, ನಿಧಾನ ತಿರುಗಿಸಿಕೊಂಡು ಹಿಡಿಯಬೇಕು ಅಂತ ಗೊಣಗಿದರು.

"ಇದೂ 30 ತಾನೇ?" ಅಂದೆ.

"ಇದು ಚಾಕು ಅಲ್ಲ ಸಾರ್," ಅಂದರು. "ಇದರ ರೇಟೇ ಬೇರೆ."